ನಾಕನೇ ಬೋಲ್ಟ್

ಕಾಡಪ್ಪ ಮಗದುಮ್ಮನ ಮಟಾಡೋರು
ಇಪ್ಪತ್ತೆರಡು ವರ್ಷದ ಮ್ಯಾಲೆ ಹೊಳ್ಳಿ ಈ ಗ್ಯಾರೇಜಿಗೆ ಬಂತು,
ಬನಹಟ್ಟಿ ಸೀರಿ ಹೇರಿ ಹೇರಿ ಬೆನ್ನು ಬಾಗಿಸಿಕೊಂಡು,
ಇಂಜಿನ್ನಿನ ಬಗಲಾಗ ಭುಸುಭುಸು ಹೊಗಿ ಬಿಟ್ಟುಕೋತ.

ಒಂದು, ಎರಡು, ಮೂರು
ಹದಿಮೂರು ನಂಬರ್ ಪಾನಾಕ್ಕ ಬೈಕೋತ ಬೈಕೋತ ಬಂದುವು.
ನಾಕನೇದು,
ಕೈ ಸಿಗದ, ಕಣ್ಣು ಹಾಯದ ಮೂಲ್ಯಾಗಿಂದು,
ಬೈಲೇ ಇಲ್ಲ. ಬೆರಳಿಗೇ ಬಂತು,
ಕೂಸಿನ ಹಾಲುಹಲ್ಲು ಬಂದಂಗ.

"ಮುರೀತೇನಪಾ?" ಅಂದ ಕಾಡಪ್ಪ.
ಮುರದಿಲ್ಲ.
ಬರೇ ಎರಡೂವರಿ ಆಟಿ ಉದ್ದ,
ತುದಿ ಮ್ಯಾಲೆ ಗರಗಸದ ಗೆರಿ.
ಕೊಯ್ದದ್ದು.

ಟಾರ್ಚು ಹಿಡಿದೆ. ತೂತಿನ ತಳದಾಗ
ಹಳೇ ಬೋಲ್ಟಿನ ಮೋಟು,
ಮೋಟಿನ ನಡುವ ಬೆಕ್ಕಿನ ಕಣ್ಣಿನಂಗ ಒಂದು ಮಿಣುಕು.
ಡ್ರಿಲ್ಲು ಅದರ ಮ್ಯಾಲೆ ಕುಂತು ಅತ್ತಿತ ಹೊರತು
ಒಳಗ ಇಳೀಲಿಲ್ಲ.

ಆ ಮಿಣುಕು ನಂಗ ಗುರುತೈತಿ.

ಹದಿನಾಕು ತುಂಬಿರಲಿಲ್ಲ ನಂಗ. ಶುಕ್ರವಾರ.
ಮಕ್ತುಮ್ ಉಸ್ತಾದರು ನಮಾಜಿಗೆ ಹೋಗಿದ್ರು.
"ನಾ ಬರೂತನಕ ಮುಟ್ಟಬ್ಯಾಡ" ಅಂದಿದ್ರು.
ಮುಟ್ಟಿದೆ. ಉಲ್ಟಾ ಆಟಿಯ ಉಕ್ಕಿನ ಕಡ್ಡಿ
ಮುರದ ಬೋಲ್ಟಿನ ತೂತಿಗಿಟ್ಟು
ಮೈಭಾರ ಎಲ್ಲಾ ಹಾಕಿ ತಿರುವಿದೆ.
ಟಕ್.
ನನ್ನ ತಿಂಗಳ ಪಗಾರಕ್ಕಿಂತ ತುಟ್ಟಿ ಕಡ್ಡಿ ಅದು.
ತೂತಿಗೆ ಗ್ರೀಸು ಮೆತ್ತಿ, ಉಳಿದ ತುಂಡು
ಚಡ್ಡಿ ಕಿಸೇದಾಗ ಒಯ್ದು ಬಾವಿಗೆ ಒಗದೆ.

ಉಸ್ತಾದರು ಬಂದ್ರು, ಬಗ್ಗಿದ್ರು,
"ಚಾ ತೊಗೊಂಬಾ, ಈ ಕಡೆ ನಾ ಬಿಗೀತೀನಿ" ಅಂದ್ರು.
ಚಾ ತರೂದ್ರಾಗ ನಾಕೂ ಬೋಲ್ಟಿನ ತಲಿ
ಸಾಲಾಗಿ ಕುಂತಿದ್ದುವು, ಸಾಲಿ ಹುಡುಗರಂಗ.
ಬದುಕಿದೆ ಅಂದ್ಕೊಂಡೆ.

ಈಗ ಅಂಗೈಯಾಗಿನ ತುಂಡು ಹೊಳ್ಳಿಸಿ ನೋಡ್ತೀನಿ:
ಗೆರಿ ವಾರಿ ಐತಿ, ಒಂದ ಕಡೆ ಇಳದೈತಿ.
ಎಡಗೈಲೆ ಗರಗಸ ಹಿಡಿಯೋರು
ಈ ಓಣ್ಯಾಗ ಅವರೊಬ್ರ ಇದ್ರು.

ಗ್ಯಾಸಿನ ನೀಲಿ ಉರಿ ಕೊಟ್ಟೆ. ಮೋಟು
ಮೊದಲು ದಾಸಾಳ, ಆಮ್ಯಾಲೆ ಮಾಗಿದ ಮಾವು.
ತಾನ ಆರಲಿ ಅಂತ ಬಿಟ್ಟು ಬುತ್ತಿ ಬಿಚ್ಚಿದೆ.
"ಎಳಿ ಹರದ್ರ ನಾವು ಗಂಟು ಹಾಕ್ತೀವಿ,"
ರೊಟ್ಟಿ ಮುರಕೋತ ಕಾಡಪ್ಪ ಅಂದ,
"ಕಬ್ಬಣಕ್ಕ ಗಂಟ ಇಲ್ಲಲ್ಲೋ."

ಸೊಕ್ಕು ಇಳಿದ ಉಕ್ಕು
ಡ್ರಿಲ್ಲಿಗೆ ಸುರುಳಿ ಸುರುಳಿ ಬಂತು.
ಚೌಕ ಕಡ್ಡಿ ಬಡದು, ಮತ್ತ ಬಿಸಿ ಮಾಡಿ
ಮೇಣಬತ್ತಿ ಒತ್ತಿದೆ. ಮೇಣ ಕರಗಿ
ಆಟಿ ಆಟಿಗುಂಟ ಒಳಗಿಳೀತು.
ಮೊದಲು ಬಲಕ್ಕ, ಬಿಗಿಯೋ ಕಡೆ, ಕೂದಲಿನಷ್ಟು.
ಹಟಕ್ಕ ಬಿದ್ದದ್ದನ್ನ ಮೊದಲು
ಅದು ಹೇಳಿದ ಕಡೇನ ನೂಕಬೇಕು, ಇದೂ ಅವರ ಪಾಠ.
ಆಮ್ಯಾಲೆ ಎಡಕ್ಕ.
ಅಷ್ಟರಾಗ ಕರೆಂಟು ಹೋತು.
ಓಣಿಗೋಣಿ ಮಗ್ಗ ಗಕ್ಕನ ನಿಂತುವು.
ಅದಕ್ಕ ಕೇಳಸ್ತು:
ಟಿಕ್.
ಎಷ್ಟು ಸಣ್ಣ ಸಪ್ಪಳ,
ಒಳಗ ಕುಂತು ಇಷ್ಟು ವರ್ಷ ಆದದ್ದು.

ಹೊಸಾ ಬೋಲ್ಟು, ಪೂರಾ ಉದ್ದಂದು, ಬೆರಳಿಲೇ ಇಳಿಸಿದೆ;
ಕಡೀ ಅರ್ಧಾ ಸುತ್ತಿಗಷ್ಟ ಪಾನಾ.
ಕಾಡಪ್ಪ ರೊಕ್ಕಾ ಎಣಿಸಿದ. ಮೂರರದ್ದ ತೊಗೊಂಡೆ.
"ನಾಕನೇದು?"
"ಅದರ ಬಾಕಿ ನನ್ನ ಕಡೇನ ಐತಿ."
ಅವಗ ತಿಳೀಲಿಲ್ಲ. ಮಟಾಡೋರು ಹೊಗಿ ಇಲ್ದ ಹೋತು.

ಉಸ್ತಾದರು ಜಮಖಂಡ್ಯಾಗ ಮಗಳ ಮನ್ಯಾಗ ಅದಾರ.
ಕಿವಿ ಪೂರಾ ಮಂದ ಆಗ್ಯಾವಂತ.
ಬರೂ ಶುಕ್ರವಾರ ಹೋಗ್ತೀನಿ, ಎರಡೂವರಿ ಆಟಿ ಕಿಸೇದಾಗ ಇಟಗೊಂಡು.
ಇಪ್ಪತ್ತೆರಡು ವರ್ಷ ಪಿಸುಗುಡಾಕ ಆಗದ್ದನ್ನ
ಈಗ ಓಣಿಗೆಲ್ಲಾ ಕೇಳೂಹಂಗ
ಒದರಿ ಹೇಳಬೇಕು.